ಇಂಜಿನ್ ಕೂಗುತ್ತದೆ, ದೋಣಿ ಓಡುವುದಿಲ್ಲ: ಹಳೆಯ ಫೈಬರ್ ದೋಣಿಯ ದೋಷ ಹುಡುಕುವುದು ಹೇಗೆ

ಮೂರು ವರ್ಷದ ಹಿಂದೆ ನಾನು ಒಂದು ಹಳೆಯ ಫೈಬರ್ ನಾಡದೋಣಿ ಕೊಂಡೆ. 28 ಅಡಿ ಉದ್ದ. ಜೊತೆಗೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ, ಎರಡು ಸಿಲಿಂಡರಿನ 25 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ನೋಡಲು ಚೆಂದ ಇತ್ತು. ಹೊಸ ನೀಲಿ ಬಣ್ಣ, ಅಂಚಿಗೆ ಬಿಳಿ ಪಟ್ಟಿ. ಇಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ನಾನು ಅಷ್ಟಕ್ಕೇ ಖುಷಿಯಾಗಿ ಮುಂಗಡ ಕೊಟ್ಟೆ. ನೀರಿಗಿಳಿಸಿ ಓಡಿಸಿ ನೋಡಲಿಲ್ಲ. ಕುಂದಾಪುರದ ಕಡೆ ಹುಟ್ಟಿ, ಕಡಲು ನೋಡಿಯೇ ಬೆಳೆದವನು ನಾನು. ಆದರೂ ತಪ್ಪಿದೆ.

ಮೊದಲ ದಿನವೇ ಗೊತ್ತಾಯಿತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ದೋಣಿ ಮೇಲೇಳುವುದಿಲ್ಲ. ಹಿಂಭಾಗ ಕುಸಿದು ಕೂರುತ್ತದೆ, ಮೂತಿ ಆಕಾಶ ನೋಡುತ್ತದೆ. ಇಂಜಿನ್ ಕೂಗುತ್ತದೆ. ಪಕ್ಕದ ದೋಣಿಯವರು ಅಷ್ಟೇ ಎಚ್‌ಪಿ ಇಂಜಿನ್ನಿನಲ್ಲಿ ನಮ್ಮನ್ನು ದಾಟಿ ಹೋಗುತ್ತಾರೆ. ಎಣ್ಣೆ ಮಾತ್ರ ಅವರಿಗಿಂತ ನಮಗೇ ಜಾಸ್ತಿ ಖರ್ಚು.

ಒಂದು ತಿಂಗಳು ನಾನು ಇಂಜಿನ್ ಹಿಂದೆ ಬಿದ್ದೆ. ಪ್ಲಗ್ ಬದಲಿಸಿದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿದೆ. ಫ್ಯಾನ್, ಅಂದರೆ ನೀರಿನೊಳಗೆ ತಿರುಗಿ ದೋಣಿ ತಳ್ಳುವ ಪ್ರೊಪೆಲ್ಲರ್, ಹೊಸದು ಹಾಕಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಚಿಕ್ಕಪ್ಪ ಬಂದು ನೋಡಿದರು. ಅವರು ಇಂಜಿನ್ ಕವರ್ ಬಿಚ್ಚಲೇ ಇಲ್ಲ. ದಡಕ್ಕೆ ಎಳೆದ ದೋಣಿಯ ಹೊಟ್ಟೆಗೆ ಸ್ಕ್ರೂಡ್ರೈವರಿನ ಹಿಡಿಯಿಂದ ನಾಲ್ಕು ಕಡೆ ಬಡಿದರು. ಆಮೇಲೆ ಹೇಳಿದರು: "ಇಂಜಿನ್ನಿಂದ್ ಅಲ್ದಾ ಮಗಾ. ದೋಣಿ ನೀರ್ ಕುಡ್ದಿತ್."

ದೋಣಿ ನೀರು ಕುಡಿಯುವುದು ಅಂದರೆ ಏನು, ಅದನ್ನು ದುಡ್ಡು ಕೊಡುವ ಮೊದಲೇ ಕಂಡುಹಿಡಿಯುವುದು ಹೇಗೆ, ಅದನ್ನೇ ಇಲ್ಲಿ ಬರೆದಿದ್ದೇನೆ. ದೊಡ್ಡ ಟ್ರಾಲರ್‌ಗಳ ಮಾತು ಬೇರೆ. ಇದು ಔಟ್‌ಬೋರ್ಡ್ ಇಂಜಿನ್ ಕಟ್ಟುವ ಫೈಬರ್ ನಾಡದೋಣಿಯ ವಿಷಯ.

ದೋಷ ಇಂಜಿನ್ನಿನದಾ, ಫ್ಯಾನಿನದಾ, ದೋಣಿಯದಾ?

ಓಟ ಬರುತ್ತಿಲ್ಲ ಅಂದರೆ ಈ ಮೂರರಲ್ಲಿ ಒಂದು. ಇದನ್ನು ಬೇರ್ಪಡಿಸದೆ ಸಾಮಾನು ಬದಲಿಸುತ್ತಾ ಹೋದರೆ ನನ್ನ ಹಾಗೆ ತಿಂಗಳು ಹಾಳಾಗುತ್ತದೆ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇಂಜಿನ್ ಅದಲುಬದಲು. ನಿಮ್ಮ ಇಂಜಿನ್ ಬಿಚ್ಚಿ ಅದೇ ಅಳತೆಯ ಇನ್ನೊಂದು ದೋಣಿಗೆ ಕಟ್ಟಿ. ಅವರ ಇಂಜಿನ್ ನಿಮ್ಮ ದೋಣಿಗೆ ಕಟ್ಟಿ. ಇಬ್ಬರು ಸೇರಿದರೆ ಒಂದು ಗಂಟೆಯ ಕೆಲಸ. ನನ್ನ ಇಂಜಿನ್ ಪಕ್ಕದವರ ದೋಣಿಯಲ್ಲಿ ಚೆನ್ನಾಗಿಯೇ ಓಡಿತು. ಅವರ ಇಂಜಿನ್ ನನ್ನ ದೋಣಿಗೆ ಬಂದ ಮೇಲೆ ಅದೂ ಕೂಗತೊಡಗಿತು. ಅಲ್ಲಿಗೆ ಇಂಜಿನ್ ಮೇಲಿನ ಅನುಮಾನ ಮುಗಿಯಿತು.

ಫ್ಯಾನಿನ ವಿಷಯದಲ್ಲಿ ಒಂದು ಮಾತು ತಿಳಿದಿರಬೇಕು. ಫ್ಯಾನಿನ ನಡುವೆ ರಬ್ಬರ್ ಬುಷ್ ಇರುತ್ತದೆ. ಕಲ್ಲಿಗೋ ಮರದ ದಿಮ್ಮಿಗೋ ತಾಗಿದಾಗ ಗೇರ್ ಮುರಿಯದೆ ಇರಲಿ ಅಂತ ಅದನ್ನು ಇಟ್ಟಿರುತ್ತಾರೆ. ಆ ರಬ್ಬರ್ ಸವೆದರೆ ಒಳಗಿನ ಶಾಫ್ಟ್ ತಿರುಗುತ್ತದೆ, ರೆಕ್ಕೆ ಅಷ್ಟು ತಿರುಗುವುದಿಲ್ಲ. ಮೆಲ್ಲ ಹೋದರೆ ಏನೂ ಗೊತ್ತಾಗುವುದಿಲ್ಲ, ಜೋರು ಕೊಟ್ಟಾಗ ಇಂಜಿನ್ ಶಬ್ದ ಒಮ್ಮೆಲೇ ಏರುತ್ತದೆ, ಓಟ ಏರುವುದಿಲ್ಲ. ಇದನ್ನು ನೋಡಲು ಫ್ಯಾನಿನ ಒಳಗಿನ ಲೋಹದ ಭಾಗದಿಂದ ರಬ್ಬರ್ ದಾಟಿ ಹೊರಗಿನ ಭಾಗದ ತನಕ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಬಣ್ಣ ಒಣಗಲಿ. ಐದು ನಿಮಿಷ ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ಮುರಿದು ಎರಡು ಕಡೆಗೆ ಸರಿದಿದ್ದರೆ ಬುಷ್ ಜಾರುತ್ತಿದೆ ಅಂತ ಅರ್ಥ.

ಇಂಜಿನ್ ಕಟ್ಟಿದ ಎತ್ತರವನ್ನೂ ನೋಡಿ. ಫ್ಯಾನಿನ ಮೇಲೆ ಚಪ್ಪಟೆಯಾದ ಒಂದು ತಟ್ಟೆ ಇರುತ್ತದಲ್ಲ, ಅದು ದೋಣಿಯ ತಳದ ಸಮಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು. ಮೇಲೆ ಹೋದರೆ ಫ್ಯಾನ್ ಗಾಳಿ ಎಳೆಯುತ್ತದೆ. ತಳಕ್ಕೆ ಚಿಪ್ಪು ಹತ್ತಿದ್ದರೂ ಓಟ ಕಡಿಮೆಯಾಗುತ್ತದೆ, ಆದರೆ ಅದು ಕಣ್ಣಿಗೆ ಕಾಣುತ್ತದೆ, ಕೆರೆದರೆ ಹೋಗುತ್ತದೆ.

ಇವೆಲ್ಲ ಸರಿ ಇದ್ದೂ ಓಟ ಇಲ್ಲ ಅಂದರೆ ಉಳಿದದ್ದು ದೋಣಿಯ ತೂಕ.

ನೀರು ಎಲ್ಲಿ ಅಡಗಿತ್ತು

ಫೈಬರ್ ದೋಣಿ ಮುಳುಗದಿರಲಿ ಅಂತ ಕಟ್ಟುವಾಗಲೇ ಮುಂದೆ, ಹಿಂದೆ, ಕೂರುವ ಹಲಗೆಗಳ ಕೆಳಗೆ ಮುಚ್ಚಿದ ಗೂಡುಗಳನ್ನು ಬಿಡುತ್ತಾರೆ. ಅದರೊಳಗೆ ಫೋಮ್ ತುಂಬುತ್ತಾರೆ. ಒಳ್ಳೆಯ ಫೋಮ್ ಸುಲಭವಾಗಿ ನೀರು ಹೀರುವುದಿಲ್ಲ. ಆದರೆ ಗೂಡಿನ ಮೇಲೆ ಯಾರೋ ಒಂದು ಮೊಳೆ ಹೊಡೆದಿರುತ್ತಾರೆ, ಹಗ್ಗದ ಕೊಕ್ಕೆಗೆ ಬೋಲ್ಟ್ ಹಾಕಿರುತ್ತಾರೆ, ಒಂದು ಮೂಲೆ ಬಿರುಕು ಬಿಟ್ಟಿರುತ್ತದೆ. ಅಲ್ಲಿಂದ ಹನಿಹನಿಯಾಗಿ ನೀರು ಇಳಿಯುತ್ತದೆ. ಹೊರಗೆ ಬರಲು ದಾರಿ ಇಲ್ಲ. ವರ್ಷಗಟ್ಟಲೆ ಅಲೆಯ ಹೊಡೆತಕ್ಕೆ ಫೋಮಿನ ಸಣ್ಣ ಸಣ್ಣ ಗುಳಿಗಳು ಒಡೆದು, ಅದು ಸ್ಪಂಜಿನ ಹಾಗೆ ಆಗುತ್ತದೆ.

ನಮ್ಮ ದೋಣಿಯನ್ನು ದಡದಲ್ಲಿ ಹಿಂದಕ್ಕೆ ವಾಲಿಸಿ ಇಟ್ಟು, ಹಿಂದಿನ ಗೂಡಿನ ತೀರಾ ಕೆಳಗೆ ಡ್ರಿಲ್ಲಿನಿಂದ ಒಂದು ಸಣ್ಣ ತೂತು ಹಾಕಿದೆವು. ಮೊದಲು ಏನೂ ಬರಲಿಲ್ಲ. ತಂತಿ ತೂರಿಸಿ ಅಲ್ಲಾಡಿಸಿದ ಮೇಲೆ ಚಹಾದ ಬಣ್ಣದ ನೀರು ಬಂತು. ಕೆಟ್ಟ ವಾಸನೆ. ಎರಡು ದಿನ ಆದರೂ ತೊಟ್ಟಿಕ್ಕುವುದು ನಿಲ್ಲಲಿಲ್ಲ. ಮೇಲಿನ ಮುಚ್ಚಳ ಕೊಯ್ದು ತೆಗೆದಾಗ ಒಳಗೆ ಹಳದಿ ಫೋಮ್ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಲೀಟರ್ ಹಾಲಿನ ಪ್ಯಾಕೆಟಿನಷ್ಟು ತುಂಡನ್ನು ಕತ್ತರಿಸಿ ಕೈಯಲ್ಲಿ ಹಿಡಿದೆ. ಒಣಗಿದ ಫೋಮ್ ಆಗಿದ್ದರೆ ಅಷ್ಟು ತುಂಡು 40 ಗ್ರಾಮಿನ ಆಸುಪಾಸು ಇರಬೇಕು, ಕೈಗೆ ಭಾರವೇ ಗೊತ್ತಾಗಬಾರದು. ಇದು ಮೀನಿನ ತಕ್ಕಡಿಯಲ್ಲಿ ಅರ್ಧ ಕಿಲೋ ತೂಗಿತು. ಹಿಂಡಿದರೆ ಬೆರಳ ಸಂದಿಯಿಂದ ನೀರು ಸುರಿಯಿತು.

ಹೀಗೆ ಭಾರ ಹೊತ್ತ ದೋಣಿ ಓಡುವುದು ಹೇಗೆ? ಅದಕ್ಕಿಂತ ಭಯದ ವಿಷಯ ಇನ್ನೊಂದಿದೆ. ಅಳಿವೆಯಲ್ಲಿ ಅಲೆ ಹೊಡೆದು ದೋಣಿ ಮಗುಚಿದರೆ ನಾವು ಹಿಡಿದು ತೇಲುವುದು ಇದೇ ಫೋಮನ್ನು ನಂಬಿ. ನೀರು ಕುಡಿದ ಫೋಮ್ ದೋಣಿಯನ್ನು ತೇಲಿಸುವುದಿಲ್ಲ. ಹಾಗಾಗಿ ಇದು ಬರೀ ಎಣ್ಣೆ ಖರ್ಚಿನ ಲೆಕ್ಕ ಅಲ್ಲ.

ದೋಣಿ ಎಲ್ಲಿ ಮಲಗುತ್ತಿತ್ತು?

ಕೊಳ್ಳಲು ಹೋದಾಗ ಎಲ್ಲರೂ ಕೇಳುವುದು "ಎಷ್ಟು ವರ್ಷದ ದೋಣಿ?" ಅಂತ. ನಾನು ಈಗ ಮೊದಲು ಕೇಳುವುದು ಅದನ್ನಲ್ಲ. ದೋಣಿ ರಾತ್ರಿ ಎಲ್ಲಿ ಇರುತ್ತಿತ್ತು ಅಂತ ಕೇಳುತ್ತೇನೆ.

ದಿನವೂ ಮರಳಿಗೆ ಎಳೆದು ಇಡುವ ದೋಣಿ ಒಣಗುತ್ತದೆ. ಅದರ ಹೊಟ್ಟೆ ಒಳ್ಳೆಯದಿರುತ್ತದೆ, ಆದರೆ ತಳದ ನಡುಗಂಬಿ ಮರಳಿಗೆ ಉಜ್ಜಿ ಸವೆದಿರುತ್ತದೆ. ಬಗ್ಗಿ ಮಲಗಿ, ಉದ್ದಕ್ಕೂ ಕೈಯಾಡಿಸಿ ನೋಡಿ. ಮೇಲಿನ ನುಣುಪು ಪದರ ಹೋಗಿ ಗಾಜಿನ ನಾರು ಕೈಗೆ ಚುಚ್ಚಿದರೆ ಅಲ್ಲಿಂದ ನೀರು ಒಳಗೆ ಹೋಗುತ್ತಿದೆ. ಹೊಳೆಯಲ್ಲಿ, ಬಂದರಿನಲ್ಲಿ ವರ್ಷವಿಡೀ ಕಟ್ಟಿಹಾಕಿದ ದೋಣಿಯ ತಳ ಸವೆದಿರುವುದಿಲ್ಲ, ಆದರೆ ಅದು ಸದಾ ನೀರಿನಲ್ಲೇ ನೆನೆದಿರುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಫೈಬರಿನ ಒಳಗೆ ಬೇಗ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಹೊಳೆಬಾಯಿಗಳೆಲ್ಲ ಸಿಹಿನೀರೇ ಅಲ್ವಾ? ಅದಕ್ಕೆ ಹೊಳೆಯಲ್ಲಿ ಕಟ್ಟಿದ ದೋಣಿಯ ತಳದಲ್ಲಿ ಗುಳ್ಳೆ ಹುಡುಕಬೇಕು.

ಗುಳ್ಳೆ ಅಂದರೆ ಕಡಲೆಕಾಳಿನಷ್ಟರಿಂದ ಹಿಡಿದು ರೂಪಾಯಿಯಷ್ಟು ಅಗಲದ ಉಬ್ಬು. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತಳದ ಮೇಲೆ ಕಣ್ಣು ಹಾಯಿಸಿದರೆ ಚೆನ್ನಾಗಿ ಕಾಣುತ್ತದೆ. ಮಾಲೀಕರನ್ನು ಕೇಳಿ ಒಂದನ್ನು ಸೂಜಿಯಿಂದ ಚುಚ್ಚಿ. ಮುಖ ದೂರ ಇಟ್ಟುಕೊಳ್ಳಿ, ಒಳಗಿನ ದ್ರವ ಒತ್ತಡದಿಂದ ಚಿಮ್ಮುತ್ತದೆ, ಕಣ್ಣಿಗೆ ಬಿದ್ದರೆ ಕಷ್ಟ. ಬೆರಳಿಗೆ ಅಂಟಂಟಾಗಿ, ಹುಳಿ ವಾಸನೆ ಬಂದರೆ ನೀರು ಮೇಲಿನ ಪದರ ದಾಟಿ ರೆಸಿನ್ (ಗಾಜಿನ ನಾರನ್ನು ಹಿಡಿದಿಡುವ ಅಂಟು) ಜೊತೆ ಸೇರಿದೆ. ಹತ್ತಿಪ್ಪತ್ತು ಗುಳ್ಳೆ ಇದ್ದರೆ ಕೆರೆದು ಒಣಗಿಸಿ ಸರಿಮಾಡಬಹುದು. ಅಂಗೈ ಇಟ್ಟಲ್ಲೆಲ್ಲ ಗುಳ್ಳೆ ಸಿಕ್ಕರೆ ಆ ದೋಣಿ ಬಿಟ್ಟುಬಿಡಿ.

ಇನ್ನೊಂದು ಕೇಳಬೇಕಾದ್ದು ಏಟಿನ ವಿಷಯ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಈ ದೋಣಿ ಎಲ್ಲಿತ್ತು? ಕಲ್ಲಿಗೆ ಬಡಿದಿತ್ತಾ? ಯಾವತ್ತಾದರೂ ಅಳಿವೆಯಲ್ಲಿ ಮಗುಚಿತ್ತಾ? ಬೆಂಕಿಯ ಹತ್ತಿರ ಇತ್ತಾ? 2023ರ ನವೆಂಬರ್‌ನಲ್ಲಿ ಗಂಗೊಳ್ಳಿಯಲ್ಲಿ ನಿಲ್ಲಿಸಿಟ್ಟ ದೋಣಿಗಳಿಗೆ ಬೆಂಕಿ ಬಿದ್ದದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಬೆಂಕಿ ಹತ್ತದೆ ಬರೀ ಕಾವು ತಾಗಿದ್ದರೂ ರೆಸಿನ್ ಬಲ ಕಳೆದುಕೊಂಡಿರಬಹುದು, ಮೇಲೆ ಬಣ್ಣ ಹೊಡೆದರೆ ಅದು ಕಾಣುವುದಿಲ್ಲ. ಮಾರುವವರು ಹೇಳದಿದ್ದರೆ ದೋಣಿ ನಿಲ್ಲುವ ಆ ದಕ್ಕೆಯಲ್ಲಿ ಬಲೆ ಹೆಣೆಯುತ್ತಾ ಕೂತವರನ್ನು ಕೇಳಿ. ಒಂದು ಊರಿನ ದೋಣಿಯ ಕತೆ ಆ ಊರಿಗೆಲ್ಲ ಗೊತ್ತಿರುತ್ತದೆ. ನಾನು ಹಾಗೆ ಒಬ್ಬರ ಹತ್ತಿರವೂ ಹೋಗಿ ಕೂರಲಿಲ್ಲ, ಇವತ್ತಿಗೂ ಬೇಜಾರಿದೆ.

ಬಡಿದು ಕೇಳುವುದು

ಚಿಕ್ಕಪ್ಪ ಮಾಡಿದ್ದು ಇದನ್ನೇ. ಬೆಳಿಗ್ಗೆ ಗಲಾಟೆ ಶುರುವಾಗುವ ಮೊದಲು ಹೋಗಿ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಅದರ ಪ್ಲಾಸ್ಟಿಕ್ ಹಿಡಿಯಿಂದ ದೋಣಿಯ ಮೈಗೆ ಮೆಲ್ಲ ಬಡಿಯುತ್ತಾ ಹೋಗಿ. ಗೇಣಿಗೊಂದು ಏಟು. ಗಟ್ಟಿ ಫೈಬರ್ "ಟಣ್" ಅನ್ನುತ್ತದೆ, ಹಿಡಿ ಕೈಗೆ ಪುಟಿದು ಬರುತ್ತದೆ. ಪದರ ಬಿಟ್ಟಲ್ಲಿ, ಒಳಗೆ ನೀರು ನಿಂತಲ್ಲಿ "ಧಪ್" ಅನ್ನುತ್ತದೆ, ಹಿಡಿ ಪುಟಿಯುವುದಿಲ್ಲ. ಹಲಸಿನ ಹಣ್ಣು ಬಡಿದು ನೋಡುತ್ತೀರಲ್ಲ, ಹಾಗೇ. ಶಬ್ದ ಬದಲಾದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ.

ಇಲ್ಲಿ ಹೊಸಬರು ತಪ್ಪುವುದು ಒಂದು ಕಡೆ. ಒಳಗೆ ಅಡ್ಡಪಟ್ಟಿ ಇದ್ದರೂ, ಫೋಮ್ ಇದ್ದರೂ ಶಬ್ದ ಬದಲಾಗುತ್ತದೆ. ಅದು ದೋಷ ಅಲ್ಲ. ಹಾಗಾಗಿ ಎಡಗಡೆ ಎಲ್ಲಿ ಬಡಿದಿರೋ ಬಲಗಡೆಯೂ ಸರಿಯಾಗಿ ಅಲ್ಲೇ ಬಡಿಯಿರಿ. ಎರಡೂ ಕಡೆ ಒಂದೇ ಶಬ್ದ ಬಂದರೆ ಅದು ಕಟ್ಟಿದ ರೀತಿ. ಒಂದೇ ಕಡೆ "ಧಪ್" ಅಂದರೆ ಅಲ್ಲಿ ಏನೋ ಆಗಿದೆ. ನಮ್ಮ ದೋಣಿಯಲ್ಲಿ ಹಿಂದಿನ ಗೂಡಿನ ಬಲಗಡೆ ಎರಡು ಕೈ ಅಗಲಕ್ಕೆ ಸತ್ತ ಶಬ್ದ ಬರುತ್ತಿತ್ತು. ಒಳಗೆ ಸರಿಯಾಗಿ ಅಲ್ಲೇ ಬಿರುಕು ಸಿಕ್ಕಿತು.

ಆಮೇಲೆ ದೋಣಿಯ ಒಳಗೆ ಕೂತು ನೋಡಿ. ಹೊರಗೆ ಬಣ್ಣ ಹೊಡೆಯುವವರು ಒಳಗಿನ ಮೂಲೆಗೆ ಹೊಡೆಯುವುದು ಕಡಿಮೆ. ಹೊರಗಿನಿಂದ ಒಬ್ಬರು ಜೋರು ಟಾರ್ಚ್ ಹಿಡಿಯಲಿ, ಸಂಜೆ ಕತ್ತಲಾದ ಮೇಲೆ. ಬಣ್ಣ ತೆಳ್ಳಗಿದ್ದರೆ ಫೈಬರಿನೊಳಗೆ ಬೆಳಕು ಹಾಯುತ್ತದೆ. ಪದರ ಬಿಟ್ಟ ಜಾಗ, ಏಟು ಬಿದ್ದ ಜಾಗ, ತೇಪೆ ಹಾಕಿದ ಜಾಗ ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುತ್ತದೆ. ಬಣ್ಣ ದಪ್ಪ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ.

ತೇಪೆ ಇದೆ ಅಂತ ಹೆದರಬೇಡಿ. ತೇಪೆ ಇಲ್ಲದ ದುಡಿಯುವ ದೋಣಿ ಎಲ್ಲಿದೆ? ತೇಪೆ ಹೇಗೆ ಹಾಕಿದ್ದಾರೆ ಅನ್ನುವುದೇ ಮುಖ್ಯ. ಒಳ್ಳೆಯ ಕೆಲಸಗಾರ ಒಡೆದ ಜಾಗದ ಸುತ್ತ ಅಗಲಕ್ಕೆ ಗ್ರೈಂಡ್ ಮಾಡಿ, ಓರೆ ಮಾಡಿ, ಆಮೇಲೆ ಮ್ಯಾಟ್ (ಗಾಜಿನ ನಾರಿನ ಹಾಳೆ) ಮೇಲೆ ಮ್ಯಾಟ್ ಇಡುತ್ತಾನೆ. ಅವಸರದವನು ಹಳೆಯ ಬಣ್ಣದ ಮೇಲೆಯೇ ಮ್ಯಾಟ್ ಅಂಟಿಸಿರುತ್ತಾನೆ. ಅಂತಹ ತೇಪೆಯ ಅಂಚಿಗೆ ಉಗುರು ಹಾಕಿದರೆ ಏಳುತ್ತದೆ. ಬಿಳಿಬಿಳಿಯಾಗಿ ಒಣ ನಾರು ಕಂಡರೆ ರೆಸಿನ್ ಸಾಕಷ್ಟು ಹೀರಿಲ್ಲ.

ಬಣ್ಣದ ಬಗ್ಗೆ ನ್ಯಾಯವಾಗಿ ಒಂದು ಮಾತು. ನೂಲ ಹುಣ್ಣಿಮೆಯ ಸಮುದ್ರ ಪೂಜೆಯ ಹೊತ್ತಿಗೆ, ನವರಾತ್ರಿಗೆ, ದೋಣಿಗೆ ಹೊಸ ಬಣ್ಣ ಹೊಡೆಯುವವರು ಬೇಕಾದಷ್ಟು ಜನ. ಅದು ಭಕ್ತಿ. ಇಡೀ ದೋಣಿ ಹೊಸದಾಗಿ ಕಂಡರೆ ಅನುಮಾನ ಬೇಡ. ಹಿಂದಿನ ಮೂಲೆಯಲ್ಲಿ ಮಾತ್ರ, ತಳದ ಒಂದು ಮಾರು ಜಾಗದಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ "ಇಲ್ಲಿ ಏನಾಗಿತ್ತು?" ಅಂತ ಕೇಳಿ.

ಬಿರುಕಿನಲ್ಲೂ ಎರಡು ಬಗೆ. ಒಂದು ಬಿಂದುವಿನಿಂದ ಸುತ್ತಲೂ ಹರಡಿದ, ಜೇಡರ ಬಲೆಯಂತಹ ಗೀರು ಯಾವುದೋ ಏಟಿನ ಗುರುತು. ಮೇಲಿನ ಪದರದಲ್ಲೇ ನಿಂತಿರಬಹುದು, ಅದರ ಹಿಂಬದಿಯನ್ನು ಒಳಗಿನಿಂದ ನೋಡಿ ಖಚಿತ ಮಾಡಿಕೊಳ್ಳಿ. ಒಳಗಿನ ಅಡ್ಡಪಟ್ಟಿಯ ಉದ್ದಕ್ಕೂ ಸಾಲಾಗಿ ಓಡುವ ಗೀರುಗಳು ಹಾಗಲ್ಲ. ಅಲ್ಲಿ ದೋಣಿಯ ಮೈ ಪ್ರತಿ ಅಲೆಗೂ ಬಳುಕುತ್ತಿದೆ, ಪಟ್ಟಿ ಮೈಯಿಂದ ಬಿಟ್ಟಿರಬಹುದು. ಇದು ದೊಡ್ಡ ಕೆಲಸ.

ಇಂಜಿನ್ ಕಟ್ಟುವ ಹಲಗೆ

ಹಿಂಭಾಗದಲ್ಲಿ ಇಂಜಿನ್ ಕಟ್ಟುವ ಹಲಗೆ ಹೊರಗಿಂದ ಫೈಬರ್ ಕಂಡರೂ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಹೋದರೆ ಪ್ಲೈವುಡ್ ಒಳಗೇ ಕೊಳೆಯುತ್ತದೆ. ಹೊರಗಿನ ಚಿಪ್ಪು ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ. ಒಂದು ದಿನ ಜೋರು ಕೊಟ್ಟಾಗ ಇಂಜಿನ್ ಸಮೇತ ಹಲಗೆ ಕಿತ್ತುಬಂದರೆ ದೋಣಿಯ ಹಿಂಬದಿಯೇ ತೆರೆದುಕೊಳ್ಳುತ್ತದೆ.

ಇಂಜಿನ್ ಕೆಳಗಿಳಿಸಿ ಕಟ್ಟಿರುವಾಗ ಅದರ ಕಾಲಿನ ತುದಿ, ಫ್ಯಾನಿನ ಕೆಳಗಿನ ಭಾಗ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಬಿಡಿ. ಇನ್ನೊಬ್ಬರು ಹಲಗೆಯೂ ದೋಣಿಯ ಮೈಯೂ ಸೇರುವ ಮೂಲೆಯಲ್ಲಿ ಬೆರಳಿಟ್ಟಿರಲಿ. ಹಲಗೆ ಅಲ್ಲಾಡಿದರೆ, ಮೂಲೆಯ ಗೀರು ಬಾಯಿಬಿಟ್ಟರೆ ಬೆರಳಿಗೆ ಗೊತ್ತಾಗುತ್ತದೆ. ಬೋಲ್ಟಿನ ವಾಷರ್ ಹಲಗೆಯೊಳಗೆ ಹೂತಿದ್ದರೆ, ತೂತಿನ ಕೆಳಗೆ ಕಂದು ಕಲೆ ಇಳಿದಿದ್ದರೆ ಒಳಗೆ ಕೊಳೆತಿದೆ ಅಂತಲೇ ಇಟ್ಟುಕೊಳ್ಳಿ. ನಿಜವಾಗಿ ನೋಡಬೇಕೆಂದರೆ ಒಳಗಡೆಯಿಂದ ಒಂದು ಸಣ್ಣ ತೂತು ಹಾಕಿ, ಡ್ರಿಲ್ಲಿಗೆ ಬಂದ ಮರದ ಪುಡಿಯನ್ನು ಬೆರಳಲ್ಲಿ ಉಜ್ಜಿ. ಒಣ ಪುಡಿ ಹಾರುತ್ತದೆ. ಕೊಳೆತದ್ದು ಕಪ್ಪಾಗಿ ಮುದ್ದೆಯಾಗುತ್ತದೆ. ತೂತನ್ನು ರೆಸಿನ್ ಹಾಕಿ ಮುಚ್ಚುವ ಖರ್ಚು ನಿಮ್ಮದು ಅಂತ ಮೊದಲೇ ಹೇಳಿದರೆ ಹೆಚ್ಚಿನ ಮಾಲೀಕರು ಬೇಡ ಅನ್ನುವುದಿಲ್ಲ.

ತೂಕ ಹಾಕಿಸಿ

ದೋಣಿ ಬೇರೆ ಊರಿನಿಂದ ರಸ್ತೆ ಮೇಲೆ ಬರುವುದಾದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಖಾಲಿ ಲಾರಿಯನ್ನು ದಾರಿಯ ವೇಬ್ರಿಡ್ಜ್‌ನಲ್ಲಿ ತೂಗಿಸಿ. ಇಂಜಿನ್ ಇಲ್ಲದೆ, ಬಲೆ ಇಲ್ಲದೆ, ಬರೀ ದೋಣಿ ಹೇರಿ ಮತ್ತೆ ತೂಗಿಸಿ. ಅದೇ ಅಚ್ಚಿನ ಹೊಸ ದೋಣಿ ಎಷ್ಟು ತೂಕ ಅಂತ ಕಟ್ಟುವವರಿಗೆ ಗೊತ್ತಿರುತ್ತದೆ. ಬಣ್ಣ, ತೇಪೆ ಅಂತ ಸ್ವಲ್ಪ ಜಾಸ್ತಿ ಬರುವುದು ಸಹಜ. ನೂರು, ಇನ್ನೂರು ಕಿಲೋ ಜಾಸ್ತಿ ಬಂದರೆ ಅದು ಬಣ್ಣದ ತೂಕ ಅಲ್ಲ. ತೂಗಿಸುವ ತನಕ ಪೂರ್ತಿ ದುಡ್ಡು ಕೊಡುವುದಿಲ್ಲ ಅಂತ ಮಾತಾಡಿಕೊಂಡೇ ದೋಣಿ ಹೇರಿ.

ತೂಗುವ ಅನುಕೂಲ ಇಲ್ಲದಿದ್ದರೆ ಎಷ್ಟು ಜನ ಸೇರಿ ದಡಕ್ಕೆ ಎಳೆಯುತ್ತಾರೆ ಅಂತ ನಿಂತು ನೋಡಿ. ಹಳೆಯ ಕಾಲದವರಿಗೆ ಅದೇ ತಕ್ಕಡಿ.

ಇಂಜಿನ್ ವಿಷಯ

ಹೋದ ಕೂಡಲೇ ಇಂಜಿನ್ ಕವರ್ ತೆಗೆದು ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿ ಇಟ್ಟಿದ್ದಾರೆ. ತಣ್ಣಗಾಗುವ ತನಕ ಕಾಯಿರಿ, ಆಮೇಲೆ ಸ್ಟಾರ್ಟ್ ಮಾಡಿಸಿ. ನನಗೆ ತೋರಿಸಿದ ಒಂದೇ ಎಳೆತದ ಸ್ಟಾರ್ಟ್ ಹಾಗೆಯೇ ಆಗಿತ್ತು ಅಂತ ಆಮೇಲೆ ಹೊಳೆಯಿತು. ನೀರಿಲ್ಲದೆ ಒಣಗಿ ಓಡಿಸಲು ಬಿಡಬೇಡಿ, ಇಂಜಿನ್ ತಣ್ಣಗಿಡುವ ನೀರಿನ ಪಂಪಿನ ಒಳಗಿನ ರಬ್ಬರ್ ರೆಕ್ಕೆ ಸ್ವಲ್ಪ ಹೊತ್ತಿನಲ್ಲೇ ಹರಿದುಹೋಗುತ್ತದೆ. ಡ್ರಮ್ಮಿನಲ್ಲಿ ನೀರು ತುಂಬಿ ಅದರಲ್ಲಿ ಇಂಜಿನ್ನಿನ ಕಾಲು ಮುಳುಗಿಸಿ. ಹಿಂದಿನ ಸಣ್ಣ ತೂತಿನಿಂದ ನೀರು ಒಂದೇ ಸಮ ಚಿಮ್ಮಬೇಕು. ಹನಿಹನಿಯಾಗಿ ಬಂದರೆ ಪಂಪ್ ಸೋತಿದೆ, ಇಲ್ಲವೇ ಒಳಗೆ ಉಪ್ಪು ಕಟ್ಟಿದೆ. ಸಿಲಿಂಡರ್ ತಲೆಯ ಬಣ್ಣ ಸುಟ್ಟು ಎದ್ದಿದ್ದರೆ ಅದು ಒಮ್ಮೆಯಾದರೂ ಕಾದು ನಿಂತಿದೆ.

ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್ ಆದರೆ ಪೆಟ್ರೋಲಿನಲ್ಲಿ ಮಾತ್ರ ಓಡಿಸಿ ತೋರಿಸಿದರೆ ಒಪ್ಪಬೇಡಿ. ಸೀಮೆಎಣ್ಣೆಗೆ ತಿರುಗಿಸಿ ಕಾಲು ಗಂಟೆ ಓಡಿಸಿ. ಪೆಟ್ರೋಲಿನಲ್ಲಿ ನುಣ್ಣಗೆ ಓಡಿ ಸೀಮೆಎಣ್ಣೆಗೆ ಬಂದ ಮೇಲೆ ಕೆಮ್ಮುವ ಇಂಜಿನ್ ಬಹಳ ಇವೆ.

ಪ್ಲಗ್ ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಡಿ. ಸೀಮೆಎಣ್ಣೆಯಲ್ಲಿ ಸ್ವಲ್ಪ ಕಪ್ಪು ಇರುವುದು ಮಾಮೂಲಿ. ಎರಡೂ ಒಂದೇ ತರ ಇರಬೇಕು, ಅಷ್ಟೇ. ಒಂದು ಕಪ್ಪು, ಇನ್ನೊಂದು ತೊಳೆದ ಹಾಗೆ ಸ್ವಚ್ಛ ಇದ್ದರೆ ಆ ಸ್ವಚ್ಛ ಸಿಲಿಂಡರಿಗೆ ನೀರು ಹೋಗುತ್ತಿರಬಹುದು, ಗ್ಯಾಸ್ಕೆಟ್ ನೋಡಿಸಿ. ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ ಮೀಟರ್ ಇದ್ದರೆ ಎರಡೂ ಸಿಲಿಂಡರ್ ನೋಡಲಿ. ಒಂದಕ್ಕೊಂದು ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಳಗೆ ಸವೆತ ಇದೆ.

ಗೇರ್ ಆಯಿಲ್ ಪರೀಕ್ಷೆಗೆ ಇಂಜಿನ್ ರಾತ್ರಿಯಿಡೀ ನೆಟ್ಟಗೆ ನಿಂತಿರಬೇಕು. ಬೆಳಿಗ್ಗೆ ಕೆಳಗಿನ ಸ್ಕ್ರೂ ಸ್ವಲ್ಪವೇ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ಅದಕ್ಕೆ ತಳದಲ್ಲಿ ಕೂತಿರುತ್ತದೆ. ಮೊದಲ ಹನಿಗಳೇ ನೀರಾದರೆ, ಇಲ್ಲವೇ ಆಯಿಲ್ ಮಜ್ಜಿಗೆಯ ಹಾಗೆ ಬಿಳಿಯಾಗಿದ್ದರೆ ಸೀಲ್ ಹೋಗಿದೆ. ಫ್ಯಾನ್ ಬಿಚ್ಚಿ ಶಾಫ್ಟಿಗೆ ಬಲೆಯ ದಾರ ಸುತ್ತಿಕೊಂಡಿದೆಯಾ ನೋಡಿ, ಸೀಲ್ ಕೊಯ್ಯುವುದು ಹೆಚ್ಚಾಗಿ ಅದೇ.

ಕಡಲಿಗೆ ಬಿದ್ದು ತೆಗೆದ ಇಂಜಿನ್ ಅಂತ ಅನುಮಾನ ಇದ್ದರೆ ಕವರಿನ ಒಳಗೆ, ವಯರ್‌ಗಳು ಸೇರುವ ಮೂಲೆಗಳಲ್ಲಿ, ಫ್ಲೈವೀಲ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಹೊರಗೆ ಎಷ್ಟು ಒರೆಸಿದರೂ ಅಲ್ಲಿ ಬಿಳಿ ಪುಡಿ, ಮರಳಿನ ಕಣ ಉಳಿದಿರುತ್ತದೆ. ಇನ್ನೊಂದು ಸಣ್ಣ ಗುರುತು: ಕಾಲಿಗೆ ಕಟ್ಟಿದ ಸತುವಿನ ತುಂಡು. ಅದು ಅರ್ಧ ಸವೆದಿದ್ದರೆ ಒಳ್ಳೆಯದು, ಅದು ತಾನು ಕರಗಿ ಅಲ್ಯೂಮಿನಿಯಂ ಉಳಿಸಿದೆ. ಅದರ ಮೇಲೂ ಬಣ್ಣ ಹೊಡೆದಿದ್ದರೆ ಅದು ಕೆಲಸವನ್ನೇ ಮಾಡಿಲ್ಲ.

ಕಾಗದ

ಮುಂಬೈ ಮೇಲೆ 2008ರ ನವೆಂಬರ್‌ನಲ್ಲಿ ದಾಳಿ ಮಾಡಿದವರು ಬಂದದ್ದು ಒಂದು ಮೀನುಗಾರಿಕೆ ದೋಣಿಯನ್ನು ಹಿಡಿದು. ಆಮೇಲೆ ದೋಣಿಯ ದಾಖಲೆಗಳನ್ನು ಕರಾವಳಿಯಲ್ಲಿ ಬಿಗಿಯಾಗಿಯೇ ನೋಡುತ್ತಾರೆ. ಮೈಮೇಲೆ ಬರೆದ ನಂಬರ್, ನೋಂದಣಿ ಪತ್ರದ ನಂಬರ್, ಎರಡೂ ಒಂದೇ ಇರಬೇಕು. ನಂಬರಿನಲ್ಲಿ ರಾಜ್ಯದ ಅಕ್ಷರ ಇರುತ್ತದೆ, ಕೆಎ ಅಂದರೆ ನಮ್ಮದು, ಕೆಎಲ್ ಅಂದರೆ ಕೇರಳದ್ದು. ಅದರ ಮುಂದೆ ಎಂಓ ಅಂತ ಇದ್ದರೆ ಔಟ್‌ಬೋರ್ಡ್ ಕಟ್ಟಿದ ದೋಣಿ, ಎಂಎಂ ಇದ್ದರೆ ಯಾಂತ್ರೀಕೃತ ಬೋಟ್, ಎನ್ಎಂ ಇದ್ದರೆ ಇಂಜಿನ್ ಇಲ್ಲದ್ದು. ಎನ್ಎಂ ಅಂತ ನೋಂದಣಿಯಾದ ದೋಣಿಗೆ ಇಂಜಿನ್ ಕಟ್ಟಿ ಮಾರುತ್ತಿದ್ದರೆ ಮೊದಲು ಅದು ಸರಿಯಾಗಲಿ.

ಪತ್ರದಲ್ಲಿರುವ ಹೆಸರೂ ಮಾರುವವರ ಹೆಸರೂ ಒಂದೇನಾ ನೋಡಿ. ಎರಡು ಕೈ ಬದಲಾದರೂ ಹೆಸರು ಬದಲಿಸದ ದೋಣಿಗಳು ಇರುತ್ತವೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಮಾರುವವರ ಜೊತೆಯಲ್ಲೇ ಹೋಗಿ. ಬ್ಯಾಂಕಿನ, ಸಹಕಾರ ಸಂಘದ ಸಾಲ ಬಾಕಿ ಇದೆಯಾ, ಸಬ್ಸಿಡಿಯಲ್ಲಿ ಬಂದದ್ದಾದರೆ ಮಾರಲು ತಡೆ ಇದೆಯಾ, ಸೀಮೆಎಣ್ಣೆ ಪರ್ಮಿಟ್ ನಿಮ್ಮ ಹೆಸರಿಗೆ ಬರುತ್ತದಾ ಅಂತ ಅಲ್ಲೇ ಕೇಳಿ. ಇಂಜಿನ್ ನಂಬರನ್ನೂ ಬಿಲ್ಲಿನ ಜೊತೆ ಹೋಲಿಸಿ. ಎಚ್‌ಪಿ ಎಷ್ಟು ಅನ್ನುವುದೂ ಮುಖ್ಯ. ಜೂನ್ 1ರಿಂದ ಜುಲೈ 31ರ ತನಕ 61 ದಿನದ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿ ಒಳಗಿನ ಇಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ಮಳೆಗಾಲದ ಮೀನಿಗಾಗಿಯೇ ದೋಣಿ ಕೊಳ್ಳುವವರು ಇದನ್ನು ಮರೆಯಬಾರದು.

ನೀರಿಗಿಳಿಸಿ

ಮೊದಲು ದಡದಲ್ಲೇ ಒಂದು ಕೆಲಸ. ದೋಣಿಯನ್ನು ಸಮವಾಗಿ ಕೂರಿಸಿ, ಒಳಗೆ ಹತ್ತು ಹನ್ನೆರಡು ಬಕೆಟ್ ನೀರು ಸುರಿದು ಹೊರಗಿನ ತಳ ನೋಡಿ. ಎಲ್ಲಿ ಒದ್ದೆಯಾಗುತ್ತದೋ ಅಲ್ಲೇ ಸೋರುವ ಜಾಗ. ಅದಕ್ಕಿಂತ ಜಾಸ್ತಿ ನೀರು ಹಾಕಬೇಡಿ, ಆ ಭಾರಕ್ಕೆ ದೋಣಿಗೇ ಪೆಟ್ಟಾಗುತ್ತದೆ.

ಆಮೇಲೆ ಕಡಲಿಗೆ. ಇಬ್ಬರೇ ಹೋಗಬೇಡಿ. ದುಡಿಯುವ ದಿನ ಎಷ್ಟು ಜನ, ಎಷ್ಟು ಬಲೆ, ಎಷ್ಟು ಐಸ್ ಇರುತ್ತದೋ ಅಷ್ಟು ಭಾರ ಹಾಕಿ, ಜನ ಇಲ್ಲದಿದ್ದರೆ ಮರಳಿನ ಚೀಲ ಆದರೂ ಸರಿ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಮುಕ್ಕಾಲು ಗಂಟೆ ಓಡಿಸಿ. ಪೂರ್ತಿ ಜೋರಿನಲ್ಲಿ ಹಿಂಭಾಗ ಕುಸಿದೇ ಇರುತ್ತದಾ, ಎದ್ದು ಓಡುತ್ತದಾ ನೋಡಿ. ನೇರ ಬಿಟ್ಟಾಗ ಒಂದು ಕಡೆಗೆ ವಾಲಿದರೆ ಆ ಕಡೆಯ ಗೂಡಿನಲ್ಲಿ ನೀರು ಇರಬಹುದು. ವಾಪಸ್ ಬಂದು ಒಳಗೆ ನಿಂತ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿ. ಉಪ್ಪಿದ್ದರೆ ಅಲೆ ಹಾರಿ ಬಂದದ್ದೋ ತಳದಿಂದ ಬಂದದ್ದೋ ಯೋಚಿಸಿ. ಸಪ್ಪೆ ಇದ್ದರೆ ಹಳೆಯ ಮಳೆನೀರು ಎಲ್ಲೋ ನಿಂತಿದ್ದದ್ದು ಈಗ ಹೊರಗೆ ಬಂದಿದೆ. ಮಳೆಗಾಲದಲ್ಲಿ ಹೊಳೆಬಾಯಿಯಲ್ಲಿ ಓಡಿಸಿದ್ದರೆ ಮಾತ್ರ ಈ ರುಚಿ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ದೋಣಿಯ ಹಿಂದಿನ ಗೂಡು, ನಡುವಿನ ಎರಡು ಗೂಡು ಪೂರ್ತಿ ಕೊಯ್ದು ಫೋಮ್ ತೆಗೆದೆವು. ಚೀಲಗಟ್ಟಲೆ ಬಂತು. ಇಂಜಿನ್ ಹಲಗೆಯ ಪ್ಲೈವುಡ್ ಕೂಡ ಕೊಳೆತಿತ್ತು, ಅದನ್ನೂ ಬದಲಿಸಬೇಕಾಯಿತು. ತೆಂಗಿನ ಗರಿಯ ಚಪ್ಪರದ ಕೆಳಗೆ ಐದು ವಾರ ಒಣಗಲು ಬಿಟ್ಟು, ಹೊಸ ಫೋಮ್ ತುಂಬಿ, ಮ್ಯಾಟ್ ಹಾಕಿ ಮುಚ್ಚಿದೆವು. ಪ್ರತಿ ಗೂಡಿನ ತಳದಲ್ಲಿ ಈಗ ಒಂದು ಸ್ಕ್ರೂ ಮುಚ್ಚಳ ಇಟ್ಟಿದ್ದೇವೆ, ದಡಕ್ಕೆ ಬಂದ ಮೇಲೆ ತಿಂಗಳಿಗೊಮ್ಮೆ ತಿರುಗಿಸಿ ನೋಡುತ್ತೇವೆ. ದೋಣಿ ಕೊಂಡ ಹೊಸತರಲ್ಲಿ ಅದನ್ನು ಮರಳಿಗೆ ಎಳೆಯಲು 14 ಜನ ಬೇಕಿತ್ತು. ಈಗ 9 ಜನ ಸಾಕು.